ನೂರು ಸಿಸಿ, ನಾಲ್ಕು ಗೇರು, ಮಾರೋದಿಲ್ಲ

ಗಾಡಿ ಚಿಕ್ಕದಾದಷ್ಟೂ ಅದರ ಬಗ್ಗೆ ಬುದ್ಧಿ ಹೇಳುವವರು ಜಾಸ್ತಿಯಾಗುತ್ತಾರೆ. ತೆಂಗಿನ ತೋಟಗಳ ಪಂಪ್‌ಸೆಟ್ ರಿಪೇರಿ ಮಾಡುತ್ತಾ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲೂಕು ಸುತ್ತುವವನು ನಾನು. ಸುತ್ತುವುದು ನೂರು ಸಿಸಿ ಬೈಕಿನಲ್ಲಿ. ಹೊಸದಾಗಿ ಕಲಿಯುವವರಿಗೆ ಮನೆಯವರು ಕೊಡಿಸುತ್ತಾರಲ್ಲ, ಅದೇ. ನಾನು ಕಲಿತು ಇಪ್ಪತ್ತು ವರ್ಷವಾಯಿತು, ಗಾಡಿ ಬದಲಾಯಿಸಿಲ್ಲ. ಬದಲಾಯಿಸುವುದೂ ಇಲ್ಲ. ಹಾಗಂದ ತಕ್ಷಣ ಯಾರಿಗೋ ಉರಿಯುತ್ತದೆ, ಏನೋ ಒಂದು ನಡೆದುಹೋಗುತ್ತದೆ. ಕೆಳಗಿರುವುದೆಲ್ಲ ನಿಜ. ನಿಜ ಸಪ್ಪೆಯಾದ ಕಡೆ ಮಾತ್ರ ಚಿಟಿಕೆ ಉಪ್ಪು ಉದುರಿಸಿದ್ದೇನೆ.

ಸ್ಪೀಡು

ಕಿಬ್ಬನಹಳ್ಳಿಯ ಟೀ ಅಂಗಡಿ ಮುಂದೆ ಕೋಣನಂಥ ಬೈಕಿನ ಮೇಲೆ ಕೂತಿದ್ದವನೊಬ್ಬ ನನ್ನ ಗಾಡಿಯನ್ನು ಮೇಲಿಂದ ಕೆಳಗೆ ನೋಡಿದ.

"ಅಂಕಲ್, ಇದು ಎಷ್ಟರ ತಂಕ ಹೋಗುತ್ತೆ?"

"ಯಾರಿಗ್ಗೊತ್ತು ಕಣಪ್ಪ. ಮೀಟ್ರು ಮುಳ್ಳು ಬಿದ್ದೋಗಿ ಬಾಳ ವರ್ಸ ಆಯ್ತು."

"ಮತ್ತೆ ಸ್ಪೀಡು ಹೆಂಗೆ ಗೊತ್ತಾಗುತ್ತೆ?"

"ನಲವತ್ತಕ್ಕೆ ಮಡ್‌ಗಾರ್ಡ್ ಅದುರುತ್ತೆ. ಅರವತ್ತಕ್ಕೆ ಕನ್ನಡಿ ಅದುರುತ್ತೆ. ಅದಕ್ಕೂ ಮೇಲೋದ್ರೆ ನಾನೇ ಅದುರ್ತೀನಿ."

ಅವನು ಬಿದ್ದುಬಿದ್ದು ನಕ್ಕ. "ನಂದು ನೂರಿಪ್ಪತ್ತರಲ್ಲೂ ಅದುರಲ್ಲ!"

"ಅಯ್ಯೋ ಪಾಪ," ಅಂದೆ. "ಹಂಗಾದ್ರೆ ಸಾಕು ನಿಲ್ಸು ಅಂತ ನಿಂಗೆ ಹೇಳೋರೇ ಇಲ್ಲ ಬುಡು."

ಸೀಟು

ಹೊರಗಿನವರ ಬಾಯಿ ಮುಚ್ಚಿಸಬಹುದು, ಮನೆಯವಳದ್ದು ಕಷ್ಟ. "ಇದು ಸೀಟಲ್ಲ ಕಣ್ರೀ, ಹಲಗೆ" ಅಂತ ಅವಳ ದಿನನಿತ್ಯದ ದೂರು. ತೆಂಗಿನ ಸೀಮೆಯಲ್ಲಿದ್ದುಕೊಂಡು ಸ್ಪಂಜಿಗೆ ಯಾಕೆ ದುಡ್ಡು ಸುರಿಯಬೇಕು? ಸೀಟಿನ ಕವರ್ ಬಿಚ್ಚಿ, ಹಿಂದುಗಡೆಗೆ ತೆಂಗಿನ ನಾರು ತುರುಕಿ ಹೊಲಿದೆ. ಹಾಸಿಗೆಯಂತಾಯಿತು.

ಹಾಲ್ಕುರಿಕೆಯ ತೋಟವೊಂದರಲ್ಲಿ ಮೋಟಾರು ಕೈಕೊಟ್ಟಿತ್ತು. ಗಾಡಿಯನ್ನು ಮರದ ಕೆಳಗೆ ನಿಲ್ಲಿಸಿ ಇಡೀ ದಿನ ಕೆಲಸ ಮಾಡಿದೆ. ಸಾಯಂಕಾಲ ಮನೆಗೆ ಬಂದು ಪೇಟೆಗೆ ಹೊರಟಾಗ ಮನೆಯವಳು ಹಿಂದೆ ಕೂತಳು. ಕೂತವಳು ಒಂದೇ ಸಲ ಒಳಕ್ಕಿಳಿದಳು.

"ರೀ! ಏನ್ರೀ ಇದು, ಹಳ್ಳ?"

ಹೊಲಿಗೆ ಬಿಚ್ಚಿಕೊಂಡಿತ್ತು. ಒಳಗೆ ಒಂದೆಳೆ ನಾರಿರಲಿಲ್ಲ.

"ಅಳಿಲು ಕಣೇ. ಗೂಡು ಕಟ್ಟೋಕೆ ಹೊತ್ಕಂಡೋಗೈತೆ. ನಿನ್ನ ಸೀಟಿನ ನಾರಲ್ಲಿ ಅದರ ಬಾಣಂತನ ನಡೀತೈತೆ, ಪುಣ್ಯ ಬುಡು."

"ಪುಣ್ಯ ಸಾಕು. ಭಾನುವಾರ ನನ್ನ ತಮ್ಮ ಬತ್ತಾನೆ. ಇದನ್ನ ಎಕ್ಸ್‌ಚೇಂಜಿಗೆ ಹಾಕಿ, ಅವನ ಗಾಡಿಯಂಥದ್ದೇ ದೊಡ್ಡದು ತಗಳಿ. ಇಲ್ಲಾಂದ್ರೆ ಅಳಿಲನ್ನೇ ಕೂರಿಸ್ಕಂಡು ಓಡಾಡಿ."

ಗೇರು

ಭಾನುವಾರ ಮಾಯಸಂದ್ರದಿಂದ ಬಾಮೈದ ಗುಡುಗಿಕೊಂಡು ಬಂದ.

"ಭಾವ, ಸಾಯಂಕಾಲ ಶೋರೂಮಿನೋನು ನಿಮ್ಮ ಗಾಡಿ ನೋಡಕ್ಕೆ ಬತ್ತಾನೆ. ಮಾತಾಡಿದೀನಿ."

"ಆಯ್ತು ಕಣ್ಲಾ. ಮೊದಲು ನೀನು ಇದನ್ನ ಕೆರೆ ಏರಿ ತಂಕ ಓಡಿಸ್ಕಂಡು ಬಾ. ನಿನ್ನ ಕೈಲಾದ್ರೆ ಮಾರ್ತೀನಿ, ಆಗಲಿಲ್ಲಾಂದ್ರೆ ಇಲ್ಲ."

"ಇದನ್ನಾ? ಮಕ್ಕಳು ಕಲಿಯೋ ಗಾಡೀನ? ಹಂಗಾದ್ರೆ ನೀವು ನಂದನ್ನ ತಗಂಡು ಬನ್ನಿ. ಅಕ್ಕ ನೋಡ್ಲಿ."

ಅವನ ಗಾಡಿಯಲ್ಲಿ ಮೊದಲ ಗೇರು ಕೆಳಕ್ಕೆ, ಮಿಕ್ಕವನ್ನೆಲ್ಲ ಕಾಲ್ಬೆರಳಲ್ಲಿ ಮೇಲಕ್ಕೆತ್ತಬೇಕು. ನನ್ನದರಲ್ಲಿ ನಾಲ್ಕನ್ನೂ ಕೆಳಕ್ಕೇ ತುಳಿಯಬೇಕು. ಇದು ಅವನಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಇಷ್ಟೂ ಮಾಡದಿದ್ದರೆ ಭಾವನಾಗಿ ಏನು ಬಂತು?

ಬಾಮೈದ ಫಸ್ಟ್ ಹಾಕಿ ಹೊರಟ. ಸೆಕೆಂಡಿಗೆ ಅಂತ ಮೇಲಕ್ಕೆತ್ತಿದ, ನ್ಯೂಟ್ರಲಾಯಿತು. ಇಂಜಿನ್ನು ಕಿರುಚಿತು, ಗಾಡಿ ನಿಂತಿತು. ತುಳಿದ, ಜಿಗಿಯಿತು. ಎತ್ತಿದ, ನಿಂತಿತು. ಊರ ಮುಂದೆ ಕಪ್ಪೆ ಸವಾರಿ!

ನಗುತ್ತಲೇ ಅವನ ಗಾಡಿ ಹತ್ತಿದೆ. ಫಸ್ಟ್ ಹಾಕಿದೆ, ಹೊರಟೆ. ಇಪ್ಪತ್ತು ವರ್ಷದ ಅಭ್ಯಾಸದ ಕಾಲು ಸೆಕೆಂಡಿಗೆ ಅಂತ ಕೆಳಕ್ಕೇ ತುಳಿಯಿತು. ಫಸ್ಟ್ ಗೇರು ಫಸ್ಟಾಗೇ ಉಳಿಯಿತು. ಇನ್ನೂ ಜೋರಾಗಿ ತುಳಿದೆ. ಗಾಡಿ ಬೊಬ್ಬೆ ಹೊಡೆಯುತ್ತಾ ತೆವಳಿತು. ಪಕ್ಕದ ಮನೆಯ ಎಮ್ಮೆ ಹಗ್ಗ ಕಿತ್ತುಕೊಂಡು ಅಡ್ಡ ಬಂತು. ಅದನ್ನು ತಪ್ಪಿಸಲು ಹೋಗಿ, ಸುಲಿದ ಕಾಯಿಮಟ್ಟೆ ರಾಶಿಗೆ ಮುಂದಿನ ಚಕ್ರ ನುಗ್ಗಿಸಿ ನಿಂತೆ.

ಜಗಲಿ ಮೇಲಿದ್ದ ಮನೆಯವಳು ಸೆರಗು ಸಿಕ್ಕಿಸಿಕೊಂಡು ಎದ್ದು ಬಂದಳು. ತವರಿನಲ್ಲಿ ಮೊಪೆಡ್ ಓಡಿಸಿದ್ದವಳು. ಗೇರು ಮುಟ್ಟಿದ್ದನ್ನು ಮಾತ್ರ ನಾನು ಕಂಡಿರಲಿಲ್ಲ.

"ಇಳಿಯೋ ಕೆಳಗೆ," ಅಂತ ತಮ್ಮನನ್ನು ಇಳಿಸಿ ನನ್ನ ಗಾಡಿ ಹತ್ತಿದಳು. ಟಕ್, ಟಕ್, ಟಕ್, ಟಕ್. ಕೆರೆ ಏರಿ ಮುಟ್ಟಿ ವಾಪಸ್ ಬಂದಾಗ ನಾನಿನ್ನೂ ಮಟ್ಟೆ ಕೊಡವಿಕೊಳ್ಳುತ್ತಿದ್ದೆ.

ಬಾಮೈದ ಬಾಯಿ ಬಿಟ್ಟ. "ಅಕ್ಕಾ, ಗೇರು ಯಾವಾಗ ಕಲಿತೆ?"

"ಮದುವೆಯಾದಾಗಿಂದ ಒಂದೇ ಕಡೆ ಕಾಲು ಇಳಿಬಿಟ್ಕಂಡು ಹಿಂದೆ ಕೂತಿದೀನಿ. ಗೇರಿರೋದೂ ಆ ಕಡೇನೇ. ನಿಮ್ಮ ಭಾವನ ಕಾಲು ಬಿಟ್ರೆ ನೋಡಕ್ಕೆ ಇನ್ನೇನಿತ್ತು ನಂಗೆ?" ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಶೋರೂಮಿನೋನಿಗೆ ಬರಬ್ಯಾಡ ಅನ್ನು. ಗಾಡಿ ಚೆನ್ನಾಗೇ ಐತೆ. ತಕರಾರು ಇದ್ದಿದ್ದು ಓಡಿಸೋರಲ್ಲಿ."

ಬಾಮೈದನ ಮುಂದೆ ಎದೆಯುಬ್ಬಿಸಿ ನಿಂತೆ. ಮಾರಲ್ಲ ಅಂದಿದ್ದೆ, ಮಾರಲಿಲ್ಲ. ಗೆದ್ದವನು ನಾನೇ. ಅನುಮಾನ ಇದ್ದವರು ಬಂದು ಮುಖಾಮುಖಿ ಕೇಳಲಿ, ಹೆದರುವವನಲ್ಲ. ದಿನಾ ಬೆಳಿಗ್ಗೆ ಸ್ಪ್ಯಾನರ್ ಚೀಲ ಹೆಗಲಿಗೆ ಹಾಕಿಕೊಂಡು ಬಸ್ ಸ್ಟಾಪಿನಲ್ಲೇ ನಿಂತಿರುತ್ತೇನೆ.