ಈಲೋಫನ ಬೆನ್ನಿನ ನೀರಿನ ಮೇಲೊಂದು ದೂರು

ಮಾನ್ಯರೇ,

ನನ್ನ ಗಂಡ ಈಲೋಫನ ತಲೆಯಿಂದ ಸೊಂಟದವರೆಗೆ ಹುಟ್ಟಿದಂದಿನಿಂದ ಬಾಡಿಗೆಯಿಲ್ಲದೆ ವಾಸವಾಗಿರುವ, ಬಣ್ಣವಿಲ್ಲದ, ವಾಸನೆಯಿಲ್ಲದ, ಬಹುಕಾಲ ಬಾಯಿಯೂ ಇಲ್ಲದಿದ್ದ, ಮೆದುಳು ಬೆನ್ನುಹುರಿಗಳ ಸುತ್ತಲಿನ ನೀರಾದ ತಮ್ಮ ಸನ್ನಿಧಿಗೆ, ಸ್ವೀಡನ್ನಿನ ಮೋಲ್ನ್‌ಡಾಲ್ ಊರಿನ ಗುನ್ವೋರ್ ಲಿಂಡೆಲ್ ತಲೆಬಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನನಗೆ ತಮ್ಮ ಮೇಲೆ ಬಹಳ ಕೋಪ ಬಂದಿದೆ. ಖುಷಿಯಲ್ಲಿ ಅವಸರವಾಗಿ ಬರೆಯುತ್ತಿರುವುದರಿಂದ ಅಕ್ಷರ ಸೊಟ್ಟಗಿದ್ದರೆ ಮನ್ನಿಸಬೇಕು.

ದ್ವೀಪಗಳ ನಡುವೆ ಜೀವಮಾನವಿಡೀ ದೋಣಿ ನಡೆಸಿದ ಈಲೋಫನ ಕಾಲುಗಳು ಹೋದ ವರ್ಷ ಅಂಟು ಹಚ್ಚಿದಂತೆ ನೆಲ ಬಿಡದಾದವು. ಬಚ್ಚಲು ತಲುಪುವ ಮೊದಲೇ ಚಡ್ಡಿ ಒದ್ದೆಯಾಗುತ್ತಿತ್ತು. ಕೈಯಲ್ಲೇ ಇದ್ದ ಕಾಫಿ ಯಾರದೆಂದು ನನ್ನನ್ನೇ ಕೇಳುತ್ತಿದ್ದ. ನಾದಿನಿ ಸೋಲ್ವೇಗ್ ಬಂದವಳೇ, "ಆಲ್ಝೈಮರೇ ಕಣೇ ಇದು, ನಮ್ಮಮ್ಮಂಗೂ ಹೀಗೇ ಆಗಿತ್ತು. ಡಾಕ್ಟರ್ ಹೇಳಿದ್ರು ಅಂತ ಸುಮ್ನೆ ಬೆನ್ನಿಗೆ ಸೂಜಿ ಚುಚ್ಚಿಸಿ ಅವನನ್ನ ಗೋಳು ಹುಯ್ಕೋಬೇಡ," ಎಂದು ತೀರ್ಪು ಕೊಟ್ಟು, ವೃದ್ಧಾಶ್ರಮದಲ್ಲಿ ಕೋಣೆ ಗೊತ್ತುಮಾಡಿ, ಕಿಟಕಿಯ ಪರದೆಗೆ ಅಳತೆಯನ್ನೂ ತೆಗೆದುಕೊಂಡು ಬಂದಳು. ಸೋತು ಸುಣ್ಣವಾಗಿದ್ದ ನಾನು ಒಪ್ಪಿಬಿಟ್ಟೆ. ಅವನ ದೋಣಿಯನ್ನೂ ಪಕ್ಕದ ಮನೆಯ ಇವಾರ್‌ಗೆ ಕೊಟ್ಟೆ. ಇಷ್ಟೆಲ್ಲ ಆಗುತ್ತಿದ್ದಾಗ ಸತ್ಯ ಗೊತ್ತಿದ್ದ ತಾವು ಒಳಗೆ ತಣ್ಣಗೆ ಕುಳಿತಿದ್ದಿರಿ. ಎಂಥ ಗಾಂಭೀರ್ಯ!

ಬಿಡದವರು ಅವನನ್ನು ನೋಡುತ್ತಿದ್ದ ಡಾಕ್ಟರ್ ಮಾಲಿನ್ ಒಬ್ಬರೇ. "ಮರೆವೆಲ್ಲಾ ಒಂದೇ ಕಾಯಿಲೆ ಅಲ್ಲ ಗುನ್ವೋರ್. ಯಾವ ಬಗೆ ಅಂತ ಬೆನ್ನಿನ ನೀರನ್ನೇ ಕೇಳೋಣ. ಸ್ವಲ್ಪ ಜಾಸ್ತಿನೇ ತೆಗೆದು, ನಡಿಗೆ ಏನಾಗುತ್ತೆ ನೋಡೋಣ," ಎಂದರು. ತಮ್ಮನ್ನು ಕೆಲವು ಕೊಳವೆಗಳಿಗೆ ಇಳಿಸಿಕೊಂಡ ಆ ಮಧ್ಯಾಹ್ನವೇ ಈಲೋಫ್ ಮಂಚದಿಂದಿಳಿದು ಆಸ್ಪತ್ರೆಯ ಕಾರಿಡಾರಿನಲ್ಲಿ ದಾಪುಗಾಲು ಹಾಕಿದ. ಅವನ ಕೋಟು ಹಿಡಿದು ಹಿಂದೆ ಓಡುತ್ತಿದ್ದ ನನ್ನತ್ತ ತಿರುಗಿ, "ಬೇಗ ಬಾರೇ ಗುನ್ವೋರ್, ಬಸ್ ತಪ್ಪುತ್ತೆ!" ಎಂದ. ಎಷ್ಟೋ ತಿಂಗಳ ಮೇಲೆ ಅವನ ಬಾಯಲ್ಲಿ ನನ್ನ ಹೆಸರು! ಬಸ್ಸು ಹಾಳಾಗಿ ಹೋಗಲಿ ಎಂದು ಗೋಡೆಗೊರಗಿ ಅತ್ತುಬಿಟ್ಟೆ.

ಎರಡೇ ದಿನದಲ್ಲಿ ತಾವು ಮತ್ತೆ ತುಂಬಿಕೊಂಡಿರಿ, ಕಾಲು ಮತ್ತೆ ಅಂಟಿತು. ಅಷ್ಟರಲ್ಲಿ ವರದಿ ಬಂತು. "ಆಲ್ಝೈಮರ್ ಆಗಿದ್ರೆ ಈ ನೀರಲ್ಲಿ ಟಾವ್ ಅನ್ನೋ ಪ್ರೋಟೀನು ಸಾಮಾನ್ಯವಾಗಿ ಏರಿರುತ್ತೆ. ಇವರದ್ರಲ್ಲಿ ಏರಿಲ್ಲ. ಸ್ಕ್ಯಾನೂ ಅದನ್ನೇ ಹೇಳ್ತಿದೆ, ತಲೇಲಿ ನೀರು ಜಾಸ್ತಿಯಾಗಿ ಮೆದುಳನ್ನ ಒತ್ತುತ್ತಿದೆ," ಎಂದರು ಡಾಕ್ಟರ್. ಅಂದರೆ ಮಾನ್ಯರೇ, ಅಪರಾಧಿಯೂ ತಾವೇ, ಸಾಕ್ಷಿ ಹೇಳಿದವರೂ ತಾವೇ! ಇಂಥ ಪ್ರಾಮಾಣಿಕತೆಯನ್ನು ನಮ್ಮ ನಗರಸಭೆಯಲ್ಲೂ ನಾನು ಕಂಡಿಲ್ಲ. ತಲೆಯಿಂದ ಹೊಟ್ಟೆಗೆ ಸಣ್ಣ ನಳಿಕೆ ಹಾಕಿ ತಮಗೆ ಹೊರದಾರಿ ತೋರಿಸಿದರು. ಈಲೋಫ್ ಮನೆಗೆ ನಡೆದೇ ಬಂದ.

ನನ್ನ ದೂರು ಶುರುವಾಗುವುದೇ ಇಲ್ಲಿ. ಬಂದವನೇ ಇವಾರ್‌ನ ಅಂಗಳಕ್ಕೆ ಹೋಗಿ ದೋಣಿ ವಾಪಸು ಕೇಳಿದ. ಇಸ್ಪೀಟಿನಲ್ಲಿ ಅವನೆದುರು ನಾನು ಹೋದ ವರ್ಷವೆಲ್ಲ ಅನುಭವಿಸಿದ ಸಾಲು ಸಾಲು ಗೆಲುವು ಮುಗಿಯಿತು. ದಾಲ್ಚಿನ್ನಿ ಬನ್ನು ತಂದ ಸೋಲ್ವೇಗ್‌ಗೆ, "ಆ ಕೋಣೆ ಅಷ್ಟು ಚೆನ್ನಾಗಿದ್ರೆ ನೀನೇ ಹೋಗಿ ಇರು," ಎಂದ. ಅವಳು ಬನ್ನು ಮೇಜಿನ ಮೇಲೆ ಕುಕ್ಕಿ, ಅವನನ್ನು ತಬ್ಬಿಕೊಂಡು ಗೊಳೋ ಎಂದಳು.

ಆದ್ದರಿಂದ ನನ್ನ ವಿನಮ್ರ ಬೇಡಿಕೆ: ಇನ್ನು ಮುಂದೆ ಯಾವ ಮನೆಯಲ್ಲಾದರೂ ನಾದಿನಿಯರು ತೀರ್ಪು ಕೊಡುವ ಮೊದಲೇ ತಾವು ಕಿವಿಯಿಂದ ಸಿಳ್ಳೆ ಹಾಕಿ ಸತ್ಯ ತಿಳಿಸಬೇಕು, ಮತ್ತು ಈಲೋಫ್ ದೋಣಿಯ ಮಾತು ತೆಗೆದಾಗ ಮಾತ್ರ, ಊಟ ಮುಗಿಯುವವರೆಗೆ, ಅದು ಮರೆತುಹೋಗುವಂತೆ ಒಂದೇ ಚಮಚದಷ್ಟು ತಲೆಗೆ ಹತ್ತಬೇಕು.

ತಮ್ಮನ್ನು ಬಯ್ಯುತ್ತಲೇ ಹರಸುವ,
ತಮ್ಮ ವಿಶ್ವಾಸಿ,
ಗುನ್ವೋರ್ ಲಿಂಡೆಲ್

ವಿ.ಸೂ.: ಹೋದ ಚಳಿಗಾಲದಲ್ಲಿ ತನ್ನ ಹೆಸರನ್ನೇ ಬರೆಯಲಾಗದಿದ್ದ ಮನುಷ್ಯ ಈ ಪತ್ರವನ್ನು ಓದಿ, ಕೆಂಪು ಪೆನ್ನಿನಲ್ಲಿ ನನ್ನ ಕಾಗುಣಿತ ತಿದ್ದಿಟ್ಟಿದ್ದಾನೆ. ಗುಣ ಮಾಡಿ ಎಂದೆವು ನಿಜ. ಇಷ್ಟೊಂದು ಮಾಡಿ ಎಂದವರು ಯಾರು?