ಹರಳು ಹುಡುಕಲು ಹೋಗಿ ಕಿತ್ತು ತಂದ ಕಲ್ಲು

ಹರಳುಕಲ್ಲು ಹುಡುಕುವುದು ಬಹಳ ಸುಲಭ. ಒಂದು ಪಿಕ್ಕಾಸು, ಒಂದು ಜರಡಿ, ಸ್ವಲ್ಪ ಬುದ್ಧಿ ಇದ್ದರೆ ಸಾಕು ಎಂದು ಮೊಬೈಲಿನ ವಿಡಿಯೋದಲ್ಲಿ ಒಬ್ಬ ಹೇಳಿದ. ಮೊದಲ ಎರಡು ನಮ್ಮ ಮನೆಯಲ್ಲಿದ್ದವು.

ಕೊಲ್ಲಮೊಗ್ರಿನ ನಮ್ಮ ಕಡೆ ಕಾಡಿನಲ್ಲಿ ಅಗೆದರೆ ಕೇಸಾಗುತ್ತದೆ. ಕಾನೂನಿಗೆ ತಲೆಬಾಗುವ ಪ್ರಜೆಯಾದ ನಾನು ತೋಟದಾಚೆ ಹರಿಯುವ ತೋಡಿನ ದಂಡೆಯನ್ನು ಆರಿಸಿಕೊಂಡೆ. ನಮ್ಮ ಜಾಗವೂ ನೆರೆಮನೆಯ ಶೀನಣ್ಣನ ಜಾಗವೂ ಮುಗಿಯುವುದು ಅಲ್ಲಿಯೇ. ದಂಡೆ ಸರಕಾರದ್ದು. ಸರಕಾರದ್ದೆಂದರೆ ಎಲ್ಲರದ್ದು, ಎಲ್ಲರದ್ದೆಂದರೆ ನನ್ನದು!

ಗಡಿಯಲ್ಲಿದ್ದ ಒಂದು ಹಲಸಿನ ಮರಕ್ಕಾಗಿ ನಮಗೂ ಶೀನಣ್ಣನಿಗೂ ವರ್ಷಗಟ್ಟಲೆ ಮಾತಿರಲಿಲ್ಲ. ಹೋದ ಬೇಸಿಗೆಯಲ್ಲಿ ಸರ್ವೆಯವರು ಅಳೆದು ಕಲ್ಲು ನೆಟ್ಟರು. ಮರ ನಮ್ಮ ಪಾಲಿಗೆ ಬಂತು. ಶೀನಣ್ಣ ತುಟಿಪಿಟಕ್ಕೆನ್ನದೆ ಒಪ್ಪಿಕೊಂಡ. ಬರುವ ಭಾನುವಾರ ಅವನು ಮೊದಲ ಸಲ ನಮ್ಮಲ್ಲಿಗೆ ಊಟಕ್ಕೆ ಬರುವವನಿದ್ದ.

ದಂಡೆಯಲ್ಲಿ ಬೆಳಿಗ್ಗೆಯಿಂದ ಗುಂಡಿ ತೋಡಿದೆ. ಕೊನೆಗೆ, ಮಳೆಗಾಲದಲ್ಲಿ ಬಂದು ಕೂತ ಹೂಳಿನಡಿ ಪಿಕ್ಕಾಸಿಗೆ ಏನೋ ಟಣ್ಣೆಂದಿತು. ಮಿಣಮಿಣ ಮಿಂಚುವ ಕಲ್ಲು! ಬೆನ್ನು ಮುರಿಯುವಂತೆ ಮೀಟಿ ಎಬ್ಬಿಸಿದೆ. ಅಗೆದ ಗುಂಡಿಗಳನ್ನು ಮುಚ್ಚುವುದು ಸಜ್ಜನರ ಲಕ್ಷಣ ಎಂದು ವಿಡಿಯೋದವನು ಹೇಳಿದ್ದರಿಂದ ಎಲ್ಲವನ್ನೂ ಮುಚ್ಚಿ, ಮೇಲೆ ತರಗೆಲೆ ಹರಡಿದೆ.

ಕಲ್ಲನ್ನು ಅಂಗಳಕ್ಕೆ ತಂದು ತಿಕ್ಕಿ ತೊಳೆದಾಗ ನೆತ್ತಿಯಲ್ಲಿ ಒಂದು ಅಡ್ಡಗೆರೆ, ಒಂದು ಉದ್ದಗೆರೆ ಕಾಣಿಸಿತು.

"ಹಳೇ ರಾಜರ ಗುರುತು," ಎಂದೆ.

ಹೆಂಡತಿ ಶಾರದೆ ಬಗ್ಗಿ ನೋಡಿದಳು. "ಸರ್ವೆಯವರ ಗುರುತು. ನಿಮಗೆ ಮಂಡೆ ಸಮ ಉಂಟಾ? ಇದು ನೆಡುವಾಗ ನೀವೇ ಅಲ್ವಾ ಪಕ್ಕದಲ್ಲಿ ನಿಂತದ್ದು?"

ಭಾನುವಾರ ಎಂತ ತರಬೇಕೆಂದು ಕೇಳಲು ಶೀನಣ್ಣ ಅಂಗಳಕ್ಕೆ ಬಂದದ್ದು ಅದೇ ಹೊತ್ತಿಗೆ. ಕಲ್ಲನ್ನು ನೋಡಿದ. ನನ್ನನ್ನು ನೋಡಿದ.

"ಹರಳು ಹುಡುಕುವಾಗ..." ಎಂದೆ.

"ಗಡಿ ಸರಿಸುದಾದ್ರೆ ಜನ ಕದ್ದು ಸರಿಸ್ತಾರೆ ಮಾರಾಯ್ರೆ. ಹೀಗೆ ತೊಳೆದು ಅಂಗಳದಲ್ಲಿ ಒಣಗಿಸುದಿಲ್ಲ," ಎಂದ ಅವನು.

ಕಲ್ಲು ಹೊತ್ತು ಮೂವರೂ ತೋಡಿಗೆ ಹೋದೆವು. ಕಲ್ಲು ಇದ್ದ ಗುಂಡಿ ಯಾವುದೆಂದು ಗೊತ್ತಾಗಲಿಲ್ಲ. ಸಜ್ಜನಿಕೆಯಿಂದ ಅಷ್ಟು ಚೆಂದ ಮುಚ್ಚಿದ್ದೆ.

"ನೀವೇ ಹೇಳಿ. ನೀವು ಹೇಳಿದಲ್ಲಿ ನೆಡುವ," ಎಂದ ಶೀನಣ್ಣ.

ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಂಬಿದ್ದನ್ನು ತಡೆದುಕೊಳ್ಳಲಾಗಲಿಲ್ಲ. ನಾಚಿಕೆಯಿಂದ ಹಿಂದೆ ಸರಿಯುತ್ತಾ, ಹಲಸಿನ ಮರವನ್ನೂ ದಾಟಿ ಈಚೆ ಬಂದೆ.

"ಸಾಕು ನಿಲ್ಲಿ," ಎಂದಳು ಶಾರದೆ. "ಇನ್ನೂ ಈಚೆ ಬಂದ್ರೆ ನಮ್ಮ ಬಚ್ಚಲು ಅವರದ್ದಾಗ್ತದೆ."

ಅಲ್ಲಿಯೇ ನೆಟ್ಟೆವು, ಮರ ಆಚೆ ಬದಿಗಾಯಿತು. ಶೀನಣ್ಣ ಬೇಡವೆಂದ. ನಾನು ಕೇಳಲಿಲ್ಲ.

ಭಾನುವಾರ ಅವನು ಹೇಳಿದ ಸಮಯಕ್ಕೇ ಬಂದ. ಕೈಯಲ್ಲಿ ಅದೇ ಮರದ ಹಣ್ಣಿನ ಕೆಂಪು ತೊಳೆಗಳಿದ್ದ ತಟ್ಟೆ. "ತಗೊಳ್ಳಿ, ನಿಮ್ಮ ಹರಳು," ಎಂದ.

ತಲೆ ತಗ್ಗಿಸಿ ಒಂದು ತಿಂದೆ. ಜೇನಿನಂತೆ ಸಿಹಿಯಾಗಿತ್ತು. ಹುಳಿ ಇದ್ದಿದ್ದರೆ ಸ್ವಲ್ಪ ಸಮಾಧಾನವಾಗುತ್ತಿತ್ತು.