ಸರ್ಕಾರಕ್ಕೆ ನನ್ನ ಅತ್ತೆಯವರ ಸಲಹೆ

ಮನೆಯಲ್ಲಿ ನಾನು ಎಡೆಬಿಡದೆ ಮೂರು ನಿಮಿಷ ಮಾತನಾಡಿ ಹನ್ನೆರಡು ವರ್ಷಗಳಾಗಿದ್ದವು. (ನನ್ನ ಮದುವೆಯಾಗಿಯೂ ಅಷ್ಟೇ ವರ್ಷ.) ಹಾಗಾಗಿ ಐರ್ಲೆಂಡಿನ ಅಧಿಕಾರಿಗಳು "ಸತ್ಯಪ್ರಕಾಶ್ ಅವರೇ, ನಿಮಗೆ ಮೂರು ನಿಮಿಷ" ಎಂದು ಇಮೇಲ್ ಕಳಿಸಿದಾಗ ನನಗೆ ಪಟ್ಟಾಭಿಷೇಕವಾದಷ್ಟು ಸಂತೋಷವಾಯಿತು.

ಅದು 2021ರ ಬೇಸಿಗೆ. ಕೃತಕ ಬುದ್ಧಿಮತ್ತೆಯನ್ನು ದೇಶ ಹೇಗೆ ಬಳಸಬೇಕೆಂದು ಇಲ್ಲಿನ ಸರ್ಕಾರ ಒಂದು ರಾಷ್ಟ್ರೀಯ ಕಾರ್ಯತಂತ್ರ ಹೊರಡಿಸಿತ್ತು. ಅದರ ಬಗ್ಗೆ ಜನರ ಅಭಿಪ್ರಾಯ ಕೇಳಲು ಆನ್‌ಲೈನ್ ಸಭೆ. ಚೆನ್ನಾಗಿ ಮಾತನಾಡಿದವರಿಗೆ ನಾಗರಿಕರ ಸಲಹಾ ಗುಂಪಿನಲ್ಲಿ ಜಾಗ! ನಾನು ವಾರವಿಡೀ ಆ ದಸ್ತಾವೇಜನ್ನು ಪಾರಾಯಣ ಮಾಡಿದೆ.

"ಅದರಲ್ಲಿ ಅಂಥಾದ್ದೇನಿದೆ ರೀ?" ಎಂದಳು ಹೆಂಡತಿ ಶರ್ಮಿಳಾ.

"ಯಂತ್ರಗಳ ಮೇಲೆ ಜನಕ್ಕೆ ನಂಬಿಕೆ ಬರಿಸೋದು ಹೇಗೆ ಅಂತ."

"ಮೊದ್ಲು ನಿಮ್ಮ ಮೇಲೆ ಬರಿಸಿ. ಕಸದ ಬಿನ್ ಹೊರಗಿಡ್ತೀನಿ ಅಂದು ಎರಡು ವಾರ ಆಯ್ತು."

ಸಭೆಯ ದಿನ ಡಬ್ಲಿನ್ ಹೊರವಲಯದ ಆಡಮ್ಸ್‌ಟೌನಿನ ನಮ್ಮ ಪುಟ್ಟ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಪ್ರತಿಷ್ಠಾಪಿಸಿದೆ. "ಬಹುಸ್ತರೀಯ ಉತ್ತರದಾಯಿತ್ವದ ಚೌಕಟ್ಟು..." ಎಂದು ಇಂಗ್ಲಿಷಿನಲ್ಲಿ ಆರಂಭಿಸಿದೆ. ಒಂದನೇ ನಿಮಿಷಕ್ಕೆ ಅಧ್ಯಕ್ಷೆ ಫಿಯೋನಾ ಆಕಳಿಸಿದರು. ಎರಡನೇ ನಿಮಿಷಕ್ಕೆ ಇದ್ದಕ್ಕಿದ್ದಂತೆ ಅವರ ಕಣ್ಣರಳಿತು. ನನ್ನ ಮಾತು ನಾಟಿತೆಂದುಕೊಂಡೆ.

"ಕ್ಷಮಿಸಿ, ನಿಮ್ಮ ಹಿಂದೆ ನಿಂತಿರುವ ಹೆಂಗಸು ಯಾರು? ಜುಲೈನಲ್ಲಿ ಉಣ್ಣೆ ಗವಸು ಯಾಕೆ ಹಾಕಿಕೊಂಡಿದ್ದಾರೆ?"

ತಿರುಗಿ ನೋಡಿದೆ. ನನ್ನ ಅತ್ತೆ ನೀಲಮ್ಮನವರು! ಮೂರು ತಿಂಗಳಿಗೆಂದು ಮೈಸೂರಿನಿಂದ ಬಂದವರು ಕೊರೋನಾದಿಂದಾಗಿ ಹದಿನಾರು ತಿಂಗಳಿಂದ ನಮ್ಮಲ್ಲೇ ಇದ್ದರು. (ದೂರುತ್ತಿಲ್ಲ. ಅವರ ಕೈಯ ಹುಳಿ ಉಂಡವರು ಯಾರೂ ದೂರುವುದಿಲ್ಲ.) ನೇರಳೆ ಬಣ್ಣದ ಗವಸು ತೊಟ್ಟು ಒಲೆಯಿಂದಿಳಿಸಿದ ಬಿಸಿ ಪಾತ್ರೆ ಹಿಡಿದಿದ್ದರು.

"ಏನಂತೆ ಅಳಿಯಂದ್ರೇ?"

"ಗವಸಿನ ವಿಷಯ ಕೇಳ್ತಿದಾರೆ. ನೀವು ಒಳಗೆ ಹೋಗಿ."

"ಕೇಳಿದ್ರೆ ಹೇಳ್ಬೇಕಪ್ಪ." ಪಾತ್ರೆ ಕೆಳಗಿಟ್ಟು ನನ್ನ ಪಕ್ಕದಲ್ಲೇ ಕುಳಿತರು. "ಅಂಗಡಿಗೆ ಫೋನ್ ಮಾಡಿ ಎರಡು ಲೇಡೀಸ್ ಫಿಂಗರ್ ಪ್ಯಾಕೆಟ್ ಅಂದೆ. ಫೋನ್ ತಗೊಂಡಿದ್ದು ಯಂತ್ರ. ಬೆಂಡೆಕಾಯಿ ಬದಲು ಎರಡು ಜೊತೆ ಗವಸು ಬಂತು! ದೂರು ಕೊಡೋಣ ಅಂತ ಮತ್ತೆ ಫೋನ್ ಮಾಡಿದ್ರೆ ಅದೇ ಯಂತ್ರ. ತಪ್ಪು ಮಾಡಿದವ್ರ ಹತ್ರಾನೇ ದೂರು ಹೇಳ್ಕೊಳ್ಳೋದಾ? ಮಧ್ಯದಲ್ಲಿ ಒಬ್ಬ ಮನುಷ್ಯ ಬೇಡ್ವಾ? ಇಷ್ಟು ಹೇಳಿ ಅವ್ರಿಗೆ."

ನಾನು ಮುಗುಳ್ನಕ್ಕು, "ನಮ್ಮ ಅತ್ತೆಯವರಿಗೆ ತಂತ್ರಜ್ಞಾನ ಒಟ್ಟಾರೆ ತೃಪ್ತಿ ತಂದಿದೆ" ಎಂದು ಅನುವಾದಿಸಿದೆ.

ಸೋಫಾದ ಮೇಲಿದ್ದ ಹನ್ನೊಂದು ವರ್ಷದ ಮಗಳು ನಿಸರ್ಗಾ ಚಂಗನೆ ಹಾರಿಬಂದಳು. "ಡ್ಯಾಡ್! ಶೀ ಡಿಡ್ಂಟ್ ಸೇ ದ್ಯಾಟ್ ಅಟ್ ಆಲ್!" ಎಂದವಳೇ ಅಪ್ಪಟ ಡಬ್ಲಿನ್ ಧಾಟಿಯಲ್ಲಿ ಅಜ್ಜಿಯ ಮಾತನ್ನೆಲ್ಲ ಒಪ್ಪಿಸಿದಳು.

ತೆರೆಯ ಮೇಲಿನ ಇಪ್ಪತ್ತು ಪುಟ್ಟ ಚೌಕಗಳೂ ನಕ್ಕವು. ಆಮೇಲೆ ನಗು ನಿಂತು ಎಲ್ಲರೂ ಬರೆದುಕೊಳ್ಳತೊಡಗಿದರು. ನನ್ನ ಮೂರನೇ ನಿಮಿಷ ಎಲ್ಲಿ ಹೋಯಿತೋ ಯಾರೂ ಕೇಳಲಿಲ್ಲ.

ಹತ್ತು ದಿನಕ್ಕೆ ಪತ್ರ ಬಂತು. ನಾಗರಿಕರ ಸಲಹಾ ಗುಂಪಿಗೆ ಶ್ರೀಮತಿ ನೀಲಮ್ಮನವರಿಗೆ ಆಹ್ವಾನ! ಶರ್ಮಿಳಾ ಅದನ್ನು ಮೂರು ಸಲ ಗಟ್ಟಿಯಾಗಿ ಓದಿದಳು. (ಮೂರನೆಯದು ನನಗೋಸ್ಕರ.)

ಗುಂಪಿನ ಮೊದಲ ಸಭೆಯ ದಿನ ಅತ್ತೆ ರೇಷ್ಮೆ ಸೀರೆಯುಟ್ಟರು. ಈ ಸಲ ಪ್ರಾಮಾಣಿಕವಾಗಿ ಅನುವಾದಿಸುವ ಪಣತೊಟ್ಟು ಕುರ್ಚಿ ಎಳೆದುಕೊಂಡೆ.

"ನಿಮಗ್ಯಾಕೆ ತೊಂದ್ರೆ ಅಳಿಯಂದ್ರೇ? ನಿಸರ್ಗಾ ಇದಾಳೆ. ಒಲೆ ಮೇಲೆ ಕುಕ್ಕರ್ ಇಟ್ಟಿದೀನಿ, ಮೂರು ಕೂಗಿಗೆ ಆರಿಸ್ಬಿಡಿ."

ಅಡುಗೆಮನೆಗೆ ಹೋದೆ. ಆದರೆ ನನ್ನ ಕಿವಿ ಸಭೆಯ ಕಡೆಗೇ ಇತ್ತು. ಅತ್ತೆ ಒಂದು ಮಾತು ಹೇಳುವುದು, ಮಗಳು ಅದನ್ನು ದಾಟಿಸುವುದು, ಅತ್ತ ಕಡೆಯವರು "ಗ್ರ್ಯಾಂಡ್, ಗ್ರ್ಯಾಂಡ್" (ಇಲ್ಲಿಯವರ "ಸರಿ, ಸರಿ") ಎನ್ನುವುದು. ಸುಳ್ಳೇಕೆ ಹೇಳಲಿ, ನನಗೆ ಹೆಮ್ಮೆಯೇ ಆಯಿತು. ಬಾಗಿಲ ಮರೆಯಲ್ಲಿ ನಿಂತು ನಾನೂ ತಲೆದೂಗುತ್ತಿದ್ದೆ.

ಶರ್ಮಿಳಾ ಮಹಡಿಯಿಂದ ದಡದಡನೆ ಇಳಿದು ಬಂದಳು.

"ಐದು ಕೂಗಾಯ್ತು ರೀ! ಸಭೆಗೆಲ್ಲ ಕೇಳ್ಸಿದೆ, ಪಕ್ಕದಲ್ಲೇ ನಿಂತಿರೋ ನಿಮಗೆ ಕೇಳ್ಸಿಲ್ವಾ?"

ಅನ್ನ ಮುದ್ದೆಯಾಗಿತ್ತು. ಸಭೆ ಮುಗಿಸಿ ಬಂದ ಅತ್ತೆ ಅದಕ್ಕೆ ಮೊಸರು ಕಲಸಿ, ಸಾಸಿವೆ ಒಗ್ಗರಣೆ ಕೊಟ್ಟು ಬಡಿಸಿದರು. ನಾನು ಎರಡು ಸಲ ಹಾಕಿಸಿಕೊಂಡೆ.